ಜಿಪುಣ ಬಿಟ್ಟ ಜಾಗ

ಗೆಳೆಯ ತೀರಿಕೊಂಡ ಸುದ್ದಿ ಬಂದಾಗ ಕಥೆಗಾರ ಒಂದು ನಲ್ಲಿಗೆ ಮಾತು ಬರೆಯುತ್ತಿದ್ದ.

ನೀರು ಸರಬರಾಜಿನ ಕಚೇರಿಯವರಿಗೆ ಶಾಲೆಗಳಲ್ಲಿ ಹಂಚಲು ಚಿತ್ರಕಥೆಯ ಪುಟ್ಟ ಪುಸ್ತಕವೊಂದು ಬೇಕಿತ್ತು. ಅದರಲ್ಲಿ ಸೋರುವ ನಲ್ಲಿಯೊಂದು ಮನೆಯವರ ಮೇಲೆ ದೂರು ಹೇಳುತ್ತದೆ. ದೂರು ಅರ್ಧಕ್ಕೆ ಬಂದಿತ್ತು, ಆಗ ಫೋನು ಬಡಿದುಕೊಂಡಿತು. ಗೆಳೆಯನ ಹೆಂಡತಿ. ಕಥೆಗಾರ ಅವರನ್ನು ಮೊದಲಿನಿಂದಲೂ ಅತ್ತಿಗೆ ಎಂದೇ ಕರೆಯುತ್ತಿದ್ದ.

"ಬೆಳಿಗ್ಗೆ ಎಬ್ಬಿಸೋಕೆ ಹೋದೆ ಕಣಪ್ಪ," ಅಂದರು ಅತ್ತಿಗೆ. "ಏಳಲಿಲ್ಲ."

"ಬಂದೆ," ಅಂದ.

ಫೋನು ಕೆಳಗಿಟ್ಟು ಮತ್ತೆ ಕುರ್ಚಿಯಲ್ಲಿ ಕೂತ. ನಲ್ಲಿಯ ಮಾತನ್ನು ಪೂರ್ತಿ ಮಾಡಿದ: 'ನನಗೆ ನೆಗಡಿ ಹಿಡಿದು ತಿಂಗಳಾಯಿತು, ಈ ಮನೆಯಲ್ಲಿ ಹೇಗಿದ್ದೀಯ ಅಂತ ಕೇಳುವವರಿಲ್ಲ.' ಓದಿ ನೋಡಿದ. ಪರವಾಗಿಲ್ಲ ಅನ್ನಿಸಿತು. ಪೆನ್ನಿಗೆ ಮುಚ್ಚಳ ಹಾಕಿ, ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಕ್ಕನಿಗೆ ವಿಷಯ ಹೇಳಿ, ಚಪ್ಪಲಿ ಮೆಟ್ಟಿ ಹೊರಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆಯಲ್ಲಿ ಆ ನಲ್ಲಿಯ ಸಾಲೇ ಇತ್ತು, ಬೇರೇನೂ ಇರಲಿಲ್ಲ.

ಅವತ್ತು ಅವನು ಕುರ್ಚಿ ಹೊತ್ತ. ಕೆಳಮನೆಯಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ. ಬಂದವರಿಗೆ ನೀರು ಕೊಟ್ಟ. ಹೃದಯ ನಿಂತಿತಂತೆ, ನಿದ್ದೆಯಲ್ಲೇ ಅಂತೆ, ಒದ್ದಾಡಲಿಲ್ಲವಂತೆ ಎಂದು ಕೇಳಿದವರಿಗೆಲ್ಲ ಒಂದೇ ರಾಗದಲ್ಲಿ ಹೇಳಿದ. ಅಳು ಬರುತ್ತದೆ ಎಂದು ಕಾದ. ಬರಲಿಲ್ಲ. ದಂತವೈದ್ಯರ ಸೂಜಿ ಚುಚ್ಚಿಸಿಕೊಂಡ ಮೇಲೆ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ ಯಾರದೋ ಅನ್ನಿಸುತ್ತಿತ್ತು. ಆ ಮೈಯನ್ನು ಎಬ್ಬಿಸಿ ಕೂರಿಸಿ ಓಡಾಡಿಸುವ ಕೆಲಸ ಮಾತ್ರ ಅವನಿಗೆ ಬಿದ್ದಿತ್ತು.

ಸತ್ತವನು ಚಿತ್ರಗಾರ. ಮಕ್ಕಳ ವಾರಪತ್ರಿಕೆಯೊಂದರಲ್ಲಿ ವಾರವಾರವೂ ಬರುತ್ತಿದ್ದ 'ಲಿಫ್ಟಣ್ಣ' ಎಂಬ ಚಿತ್ರಕಥೆ ಈ ಇಬ್ಬರದು. ಓದಿದ ಮಕ್ಕಳೇ ದೊಡ್ಡವರಾಗಿ ತಮ್ಮ ಮಕ್ಕಳಿಗೆ ಪತ್ರಿಕೆ ತರಿಸುವಷ್ಟು ಕಾಲದಿಂದ ಅದು ನಡೆದಿತ್ತು. ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವ ದಪ್ಪ ಮೀಸೆಯ ಆಳು ಲಿಫ್ಟಣ್ಣ. ಅವನ ಲಿಫ್ಟು ಒಮ್ಮೊಮ್ಮೆ ಇಲ್ಲದ ಮಹಡಿಗಳಲ್ಲಿ ನಿಲ್ಲುತ್ತದೆ. ಆರಕ್ಕೂ ಏಳಕ್ಕೂ ನಡುವೆ ಬಾಗಿಲು ತೆರೆದರೆ ಸಮುದ್ರ, ಎರಡಕ್ಕೂ ಮೂರಕ್ಕೂ ನಡುವೆ ತೆರೆದರೆ ಕಳೆದುಹೋದ ಕೊಡೆಗಳ ಊರು. ಲಿಫ್ಟಿನ ಮೂಲೆಯಲ್ಲಿ ಒಂದು ಬೆಕ್ಕು. ಅದು ಯಾವ ಮಹಡಿಯಲ್ಲೂ ಇಳಿಯುವುದಿಲ್ಲ, ಮಾತೂ ಆಡುವುದಿಲ್ಲ, ಸುಮ್ಮನೆ ಮೇಲೆ ಕೆಳಗೆ ಹೋಗುತ್ತಿರುತ್ತದೆ.

ಲಿಫ್ಟಣ್ಣನ ಕೈ ಅಂದರೆ ಓದುಗರಿಗೆ ಪ್ರಾಣ. ಗುಂಡಿ ಒತ್ತುವ ಆ ತೋರುಬೆರಳನ್ನು ಚಿತ್ರಗಾರ ಪ್ರತಿ ಸಲವೂ ಬೇರೆ ಥರ ಬರೆಯುತ್ತಿದ್ದ. ಕೋಪ ಬಂದಾಗಿನ ಬೆರಳು, ಹಸಿದಾಗಿನ ಬೆರಳು, ಸುಳ್ಳು ಹೇಳುವಾಗಿನ ಬೆರಳು. ಮುಖ ಮುಚ್ಚಿ ಬೆರಳು ಮಾತ್ರ ತೋರಿಸಿದರೂ ಲಿಫ್ಟಣ್ಣನ ಮನಸ್ಸಿನಲ್ಲಿ ಏನಿದೆ ಎಂದು ಮಕ್ಕಳು ಹೇಳುತ್ತಿದ್ದರು.

ಇಬ್ಬರ ಜಗಳವೂ ಕಥೆಯಷ್ಟೇ ಹಳೆಯದು. ಪಾತ್ರಗಳ ಮಾತು ಬರೆಯಲು ಚಿತ್ರದೊಳಗೆ ಬಿಡುವ ಬಿಳಿಯ ಜಾಗಕ್ಕೆ ಇವರು ಗುಳ್ಳೆ ಅನ್ನುತ್ತಿದ್ದರು. ಚಿತ್ರಗಾರ ಬಿಡುತ್ತಿದ್ದ ಗುಳ್ಳೆ ಒಂದು ಅಂಗಿ ಗುಂಡಿಯಷ್ಟೇ ದೊಡ್ಡದು. ಕಥೆಗಾರನಿಗೋ ಎರಡು ಮಾತು ಹೇಳುವ ಕಡೆ ಹತ್ತು ಹೇಳದಿದ್ದರೆ ಊಟ ಸೇರದು.

"ಜಾಗ ಬಿಡೋ ಜಿಪುಣ. ನಿಮ್ಮಪ್ಪನ ಮನೆ ಗಂಟು ಹೋಗುತ್ತಾ?"

"ನೀನು ಬಾಯಿ ಮುಚ್ಚು ವಾಚಾಳಿ. ಲಿಫ್ಟು ಏಳನೇ ಮಹಡಿ ತಲುಪೋ ಹೊತ್ತಿಗೆ ನಿನ್ನ ಪೀಠಿಕೆ ಮುಗಿದಿರಲ್ಲ."

"ಇಷ್ಟರಲ್ಲಿ ಏನು ಬರೀಲಿ? ಅಯ್ಯೋ ಅಂತ ಬರೀಬಹುದು, ಅಷ್ಟೇ."

"ಅಯ್ಯೋ ಬೇಡ. ಯ-ಗೆ ಒತ್ತು ಬಂತು. ಕೆಳಗಿನ ಸಾಲಿಗೆ ತಗಲುತ್ತೆ. ಅಬ್ಬಾ ಕೂಡ ಬೇಡ. ಒತ್ತಿಲ್ಲದ್ದು ಏನಾದರೂ ಹುಡುಕು."

ಅಕ್ಷರವನ್ನೂ ಚಿತ್ರಗಾರನೇ ಕೈಯಿಂದ ಬರೆಯುತ್ತಿದ್ದುದರಿಂದ ಒತ್ತಕ್ಷರ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಾಲು ಚಾಚಿ ಮಲಗಿ ಕೆಳಗಿನವರ ಜಾಗ ತಿನ್ನುವ ನೆಂಟರು ಅವು ಎನ್ನುತ್ತಿದ್ದ. ಹೀಗಾಗಿ ಕಥೆಗಾರ ಇಷ್ಟು ವರ್ಷವೂ ಒತ್ತಿಲ್ಲದ ಮಾತು ಹುಡುಕುತ್ತಾ ಬದುಕಿದ್ದ. ವಾಚಾಳಿ, ಜಿಪುಣ ಎಂಬ ಹೆಸರುಗಳು ಅತ್ತಿಗೆಯ ಬಾಯಿಗೂ ಅಕ್ಕನ ಬಾಯಿಗೂ ಬಂದು ಖಾಯಂ ಆದವು.

ಅವರ ಕೆಲಸದ ಪದ್ಧತಿಯೂ ವಿಚಿತ್ರ. ಒಂದು ವಾರ ಕಥೆಗಾರ ಕಥೆ ಬರೆದು ಕೊಡುತ್ತಿದ್ದ, ಚಿತ್ರಗಾರ ಬಿಡಿಸುತ್ತಿದ್ದ. ಮುಂದಿನ ವಾರ ತಿರುಗುಮುರುಗು. ಚಿತ್ರಗಾರ ನಾಲ್ಕು ಪುಟ ಬಿಡಿಸಿ, ಗುಳ್ಳೆಗಳನ್ನು ಖಾಲಿ ಇಟ್ಟು ಪತ್ರಿಕೆಯ ಕಚೇರಿ ಮೂಲಕ ಕಳಿಸುತ್ತಿದ್ದ. ಏನು ನಡೆಯುತ್ತಿದೆ, ಯಾಕೆ ನಡೆಯುತ್ತಿದೆ ಎಂದು ಒಂದು ಸುಳಿವೂ ಇಲ್ಲ. ಕಥೆಗಾರ ನೋಡಿ ಮಾತು ತುಂಬಬೇಕು. ಏನು ಅಂದುಕೊಂಡು ಬಿಡಿಸಿದೆ ಎಂದು ಕೇಳುವಂತಿಲ್ಲ. ಅದು ಇಬ್ಬರ ನಡುವಿನ ಕಟ್ಟುಪಾಡು. ಚಿತ್ರಗಾರ ಅಂತ್ಯಸಂಸ್ಕಾರ ಎಂದು ಬಿಡಿಸಿದ್ದನ್ನು ಕಥೆಗಾರ ಮದುವೆ ಮಾಡಿದ್ದೂ ಉಂಟು. ಅಕ್ಷರ ಬರೆಯಲು ಮಾತು ಕೈಗೆ ಬಂದಾಗ ನೋಡಿ ಚಿತ್ರಗಾರ ಫೋನಿನಲ್ಲಿ ನಕ್ಕು, ಕೆಮ್ಮು ಬರಿಸಿಕೊಂಡಿದ್ದ.

ಕಥೆಗಾರ ಪುಸ್ತಕದ ಹುಳು. ಮೇಜಿಗೊಂದು, ಬಸ್ಸಿಗೊಂದು, ಅಡುಗೆಮನೆಯ ಕಿಟಕಿಗೊಂದು ಎಂದು ಮೂರು ಪುಸ್ತಕ ಯಾವಾಗಲೂ ತೆರೆದಿರುತ್ತಿದ್ದವು. ಹಾಲು ಉಕ್ಕಿದರೆ ಅಡುಗೆಮನೆಯ ಪುಸ್ತಕ ಚೆನ್ನಾಗಿದೆ ಎಂದು ಅಕ್ಕನಿಗೆ ತಿಳಿಯುತ್ತಿತ್ತು. ಪುಸ್ತಕ ಸಿಗದಿದ್ದರೆ ಔಷಧಿ ಡಬ್ಬಿಯೊಳಗಿನ ಮಡಿಕೆ ಕಾಗದವನ್ನಾದರೂ ಬಿಡಿಸಿ ಓದುವವನು. ಹಳೆ ಪುಸ್ತಕದಂಗಡಿಯಲ್ಲಿ, ಯಾರೋ ಪೆನ್ಸಿಲಿನಿಂದ ಗೆರೆ ಎಳೆದ ಪ್ರತಿಯನ್ನೇ ಹುಡುಕಿ ತರುತ್ತಿದ್ದ. ಮೊದಲು ಗೆರೆ ಎಳೆದ ಸಾಲುಗಳನ್ನಷ್ಟೇ ಓದಿ, ಎಳೆದವರು ಎಂಥವರಿದ್ದಿರಬಹುದು ಎಂದು ಊಹಿಸಿ, ಆಮೇಲೆ ಪುಸ್ತಕ ಶುರು ಮಾಡುವುದು ಅವನ ಚಾಳಿ.

ಚಿತ್ರಗಾರನಿಗೆ ಓದು ಒಗ್ಗುತ್ತಿರಲಿಲ್ಲ. "ನನ್ನ ಕಣ್ಣು ಕೆಲಸದಲ್ಲಿದೆ, ಕಿವಿ ಖಾಲಿ ಇದೆ. ಬೇಕಾದ್ರೆ ಬಾಡಿಗೆಗೆ ತಗೋ," ಎಂದಿದ್ದ ಒಮ್ಮೆ. ಅಂದಿನಿಂದ ದಿನಾ ಮಧ್ಯಾಹ್ನ ಚಿತ್ರಗಾರ ಮಸಿಯ ಕೆಲಸಕ್ಕೆ ಕೂತಾಗ ಕಥೆಗಾರ ಫೋನಿನಲ್ಲಿ ಅವನಿಗೆ ಓದಿ ಹೇಳುತ್ತಿದ್ದ. ದಪ್ಪ ದಪ್ಪ ಕಾದಂಬರಿಗಳು ಹೀಗೆ ಮುಗಿದವು. ಆ ಕಡೆಯಿಂದ ಉಕ್ಕಿನ ನಿಬ್ಬು ಕಾಗದದ ಮೇಲೆ ಕರ್ ಕರ್ ಎನ್ನುವ ಸದ್ದು ಬರುತ್ತಿತ್ತು. ಸದ್ದು ನಿಂತರೆ ಕಥೆ ಚೆನ್ನಾಗಿದೆ ಎಂದು ಅರ್ಥ. ಕಥೆಗಾರ ಅಲ್ಲಿ ನಿಧಾನ ಮಾಡುತ್ತಿದ್ದ. ಕೊನೆಯದಾಗಿ ಓದುತ್ತಿದ್ದುದು ಹಡಗಿನ ಅಡುಗೆಯವನೊಬ್ಬನ ಕಥೆ. ಅವನನ್ನು ಉಗ್ರಾಣದಲ್ಲಿ ಕೂಡಿಹಾಕಿ ಬೀಗ ಜಡಿದಲ್ಲಿಗೆ ಬಸ್ ಟಿಕೇಟು ಸಿಕ್ಕಿಸಿ ನಿಲ್ಲಿಸಿದ್ದರು.

ಆ ಟಿಕೇಟು ಅಲ್ಲೇ ಉಳಿಯಿತು. ಕಥೆಗಾರ ಒಂದೆರಡು ಸಲ ಪುಸ್ತಕ ತೆಗೆದ. ಅಕ್ಷರ ಕಾಣುತ್ತಿತ್ತು, ಸಾಲು ತಿಳಿಯುತ್ತಿತ್ತು, ಆದರೆ ಪುಟದ ತುದಿಗೆ ಬರುವ ಹೊತ್ತಿಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅಡುಗೆಯವನು ಉಗ್ರಾಣದಲ್ಲೇ ಇದ್ದ. ಹಾಲು ಉಕ್ಕುವುದು ನಿಂತಿತು.

ದಿನಗಳು ಮಾತ್ರ ಸಲೀಸಾಗಿ ಹೋದವು. ಏಳುತ್ತಿದ್ದ, ಹಲ್ಲು ಉಜ್ಜುತ್ತಿದ್ದ, ಬ್ರೆಡ್ಡು ಸುಟ್ಟುಕೊಳ್ಳುತ್ತಿದ್ದ, ಮೇಜಿನ ಮುಂದೆ ಕೂರುತ್ತಿದ್ದ. ಎದುರಿನ ಗೋಡೆಗೆ ಎಳೆದ ದಾರದಲ್ಲಿ ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಟ್ಟ ಅವನ ಕೆಲಸಗಳು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದ್ದವು. ನಲ್ಲಿಯ ಪುಸ್ತಕ ಒಂದು. ಹಲ್ಲಿನ ಆಸ್ಪತ್ರೆಯ ಗೋಡೆಗೆ ಬೇಕಾದ ಚಿತ್ರಪಟ್ಟಿ ಒಂದು. ರಸ್ತೆಗೆ ಬಿಳಿ ಗೆರೆ ಬಳಿಯುವ ಇಬ್ಬರು ಅಣ್ಣತಮ್ಮಂದಿರ ದೊಡ್ಡ ಚಿತ್ರಕಾದಂಬರಿ ಒಂದು. ಅದು ವರ್ಷಗಳಿಂದ ಮೊದಲ ಪುಟದಲ್ಲೇ ನಿಂತಿತ್ತು. 'ನಿನ್ನ ಗೆರೆಯವರು ಗೆರೆ ದಾಟ್ತಾನೇ ಇಲ್ವಲ್ಲೋ' ಎಂದು ಚಿತ್ರಗಾರ ಆಡಿಕೊಳ್ಳುತ್ತಿದ್ದ. ಮಧ್ಯಾಹ್ನವಾದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು, ಅರ್ಧದಲ್ಲಿ ನಿಂತು ಕಿವಿ ತುರಿಸಿಕೊಂಡು ಹಿಂದಕ್ಕೆ ಬರುತ್ತಿತ್ತು.

"ಅಂಗಿ ಗುಂಡಿ ಮೇಲೆಕೆಳಗೆ ಹಾಕಿದೀಯ," ಅಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

"ಹೂಂ."

"ಹೂಂ ಅಂದ್ರೆ ಗುಂಡಿ ಸರಿ ಹೋಗುತ್ತಾ? ಒಂದ್ಸಲ ಅತ್ತುಬಿಡೋ. ಹೊರಗೆ ಹೋಗ್ತೀನಿ ಬೇಕಾದ್ರೆ."

"ಬರ್ತಿಲ್ಲ ಅಕ್ಕ."

ಅಕ್ಕ ಸೂಜಿ ತೆಗೆದು ಅವನನ್ನು ನೋಡಿದಳು. ಹತ್ತಿರ ಕರೆದು, ಚಿಕ್ಕವನಿಗೆ ಹಾಕುವಂತೆ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಯಾರ ಅಂಗಿಗೋ ಹಾಕುತ್ತಿದ್ದಾಳೆ ಅನ್ನುವಂತೆ ಅವನು ನಿಂತಿದ್ದ.

ಹೀಗಿರುವಾಗ ವಾರಪತ್ರಿಕೆಯ ಸಂಪಾದಕಿ ಬಂದಳು. ವಯಸ್ಸಿನಲ್ಲಿ ಚಿಕ್ಕವಳು. ಲಿಫ್ಟಣ್ಣನನ್ನು ಓದಿಯೇ ಅಕ್ಷರ ಕಲಿತವಳು ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುವವಳು. ಕಂಕುಳಲ್ಲಿ ಅಗಲದ ಲಕೋಟೆ ಇತ್ತು.

"ಸರ್, ಇದು ಅವರು ಕಳಿಸಿದ್ದು. ತೀರಿಕೊಳ್ಳೋಕೆ ಸ್ವಲ್ಪ ಮುಂಚೆ ಆಫೀಸಿಗೆ ಬಂದಿತ್ತು. ನಿಮಗೆ ಹೇಗೆ ಕೊಡೋದು ಅಂತ ಇಟ್ಕೊಂಡಿದ್ದೆ."

ಸರದಿ ಚಿತ್ರಗಾರನದಾಗಿತ್ತು. ಕಥೆಗಾರನಿಗೆ ಅದು ಮರೆತೇ ಹೋಗಿತ್ತು. ನಾಲ್ಕು ಪುಟಗಳನ್ನೂ ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದ.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಥೆ ಲಿಫ್ಟಿನೊಳಗೇ ಇತ್ತು. ಲಿಫ್ಟು ಎಲ್ಲೋ ನಡುವೆ ಸಿಕ್ಕಿಕೊಂಡಿದೆ. ಲಿಫ್ಟಣ್ಣ, ಬೆಕ್ಕು, ನಾಲ್ಕು ಗೋಡೆ, ಅಷ್ಟೇ. ಕೊನೆಯ ಚೌಕದಲ್ಲಿ ಬಾಗಿಲು ತೆರೆದಿದೆ, ಆಚೆ ಬರೀ ಬಿಳಿ. ಇಷ್ಟು ವರ್ಷ ಎಲ್ಲೂ ಇಳಿಯದ ಬೆಕ್ಕು ಬೆನ್ನು ತೋರಿಸಿ ಹೊರಗೆ ನಡೆಯುತ್ತಿದೆ.

ಕಥೆಗಾರನ ಕಣ್ಣು ಅಭ್ಯಾಸದಂತೆ ಗುಳ್ಳೆಗಳ ಮೇಲೆ ಹೋಯಿತು. ದೊಡ್ಡ ಗುಳ್ಳೆಗಳು. ಚೌಕದ ಅರ್ಧ ನುಂಗುವಂಥವು. ಪ್ಯಾರಾಗಟ್ಟಲೆ ಬರೆಯಬಹುದು. ಒತ್ತಕ್ಷರಗಳು ಸಂಸಾರ ಸಮೇತ ಬಂದು ಕಾಲು ಚಾಚಬಹುದು.

"ಜಿಪುಣ," ಎಂದ ಮೆಲ್ಲಗೆ. "ಜಾಗ ಬಿಟ್ಟಿದಾನೆ."

"ಅದೇ ಸರ್ ನಾನೂ ಅಂದ್ಕೊಂಡಿದ್ದು," ಎಂದಳು ಸಂಪಾದಕಿ. ಅವಳ ಕಣ್ಣು ತೇವವಾಗಿತ್ತು. "ಅವರಿಗೆ ಗೊತ್ತಿತ್ತು ಅನ್ಸುತ್ತೆ. ಸಿಕ್ಕಿಕೊಂಡ ಲಿಫ್ಟು. ಆ ಬಿಳಿ ಬಾಗಿಲು. ನನಗೊಂದು ಯೋಚನೆ ಬಂದಿದೆ, ನೀವು ಒಪ್ಪಿದ್ರೆ. ಗುಳ್ಳೆಗಳನ್ನ ಖಾಲಿಯಾಗೇ ಬಿಟ್ಟು ಅಚ್ಚು ಹಾಕೋಣ. ಒಂದು ಮಾತೂ ಬೇಡ. ಮುಂದಿನ ವಾರದ ಸಂಚಿಕೆ ಅವರ ನೆನಪಿಗೆ."

ಕಥೆಗಾರ ಪುಟಗಳನ್ನೇ ನೋಡುತ್ತಿದ್ದ. ಬರೆಯುವುದು ಬೇಡ ಎಂಬುದಷ್ಟೇ ಅವನಿಗೆ ಕೇಳಿಸಿತು. ಭಾರದ ಚೀಲ ಯಾರೋ ಕೈಯಿಂದ ಇಸಿದುಕೊಂಡಂತಾಯಿತು.

"ಸರಿ," ಅಂದ. "ಚೆನ್ನಾಗಿರುತ್ತೆ. ಅತ್ತಿಗೆಗೆ ಒಂದು ಮಾತು ಹೇಳಿಬಿಡ್ತೀನಿ. ನಾಳೆ ಸಂಜೆ ಪುಟ ಆಫೀಸಿಗೆ ತರ್ತೀನಿ."

ಸಂಪಾದಕಿ ಹೋದ ಮೇಲೂ ಅವನು ಗುಳ್ಳೆಗಳನ್ನು ನೋಡುತ್ತಾ ಕೂತ. ಜೀವಮಾನವಿಡೀ ಕೈ ಬಿಗಿ ಹಿಡಿದವನು ಕೊನೆಗೆ ಕೈ ಬಿಚ್ಚಿದನಲ್ಲ ಎಂದು ಎಲ್ಲೋ ಒಳಗೆ ಒಂದು ಚೂರು ಬೆಚ್ಚಗಾಯಿತು. ಅದು ಕೂಡ ದೂರದಿಂದ, ಪಕ್ಕದ ಮನೆಯಲ್ಲಿ ದೀಪ ಹಾಕಿದಂತೆ.

ಮಾರನೆಯ ಬೆಳಿಗ್ಗೆ ಲಕೋಟೆ ಹಿಡಿದು ಗೆಳೆಯನ ಮನೆಗೆ ಹೋದ. ಅತ್ತಿಗೆ ಕೆಲಸದ ಕೋಣೆಯನ್ನು ಹಾಗೇ ಇಟ್ಟಿದ್ದರು. ಕಿಟಕಿಯ ಪಕ್ಕ ಓರೆ ಹಲಗೆ, ಮಸಿ ಬಾಟಲಿ, ನಿಬ್ಬು ಒರೆಸುವ ಹಳೆ ಬನಿಯನ್ನಿನ ತುಂಡು. ಫೋನನ್ನು ಒರಗಿಸಿ ಇಡುತ್ತಿದ್ದ ಸಕ್ಕರೆ ಡಬ್ಬಿ ಕೂಡ ಹಲಗೆಯ ಮೇಲ್ಗಡೆ ಇತ್ತು. ಫೋನು ಇರಲಿಲ್ಲ.

"ಟೀ ಮಾಡ್ಲಾ?"

"ಬೇಡ ಅತ್ತಿಗೆ. ಇದನ್ನ ನೋಡಿ ಮೊದಲು."

ಹಲಗೆಯ ಮೇಲೆ ಪುಟಗಳನ್ನಿಟ್ಟು ಸಂಪಾದಕಿಯ ಯೋಚನೆ ಹೇಳಿದ. ಗುಳ್ಳೆಗಳನ್ನು ಖಾಲಿ ಬಿಡುವುದು, ನೆನಪಿನ ಸಂಚಿಕೆ, ಬಿಳಿ ಬಾಗಿಲು, ಎಲ್ಲ. ಹೇಳುತ್ತಾ ಹೇಳುತ್ತಾ ತನ್ನದೂ ಒಂದು ಸೇರಿಸಿದ. "ನೋಡಿ, ಜಿಪುಣ ಕೊನೆಗೂ ನನಗೆ ಜಾಗ ಬಿಟ್ಟ."

ಅತ್ತಿಗೆ ಕನ್ನಡಕ ಹಾಕಿಕೊಂಡು ನಾಲ್ಕೂ ಪುಟ ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ನಿಂತರು.

"ಏನತ್ತಿಗೆ?"

"ಕೈ ಎಲ್ಲಿದೆ?"

"ಯಾರ ಕೈ?"

"ಲಿಫ್ಟಣ್ಣಂದು. ಒಂದ್ಕಡೆ ಹುಡುಕು ನೋಡೋಣ."

ಕಥೆಗಾರ ಬಗ್ಗಿದ. ಲಿಫ್ಟಣ್ಣನ ಭುಜ ಇತ್ತು, ತೋಳಿತ್ತು, ಮೊಣಕೈವರೆಗೂ ಬರುತ್ತಿತ್ತು. ಅಲ್ಲಿಗೆ ಗುಳ್ಳೆ. ಮುಂದಿನ ಚೌಕದಲ್ಲೂ ಮೊಣಕೈ, ಗುಳ್ಳೆ. ಮೂರನೆಯದರಲ್ಲೂ ಅದೇ. ಗುಂಡಿಗಳ ಹಲಗೆಯ ಮೇಲೆ ಗುಳ್ಳೆ, ಟೋಪಿ ಹಿಡಿಯಬೇಕಾದ ಕಡೆ ಗುಳ್ಳೆ. ಒಂದೇ ಒಂದು ಬೆರಳಿಲ್ಲ.

"ಅವರ ಕೈ ನಡುಗ್ತಿತ್ತು," ಅಂದರು ಅತ್ತಿಗೆ. "ಚಳಿಗಾಲದಿಂದಲೇ. ಲೋಟ ಹಿಡಿದ್ರೆ ಚೆಲ್ಲೋದು. ಡಾಕ್ಟ್ರಿಗೆ ತೋರ್ಸೋಣ ಅಂದ್ರೆ, ತೋರ್ಸಿದ್ರೆ ಕಾಯಿಲೆಗೊಂದು ಹೆಸರು ಇಡ್ತಾರೆ, ಹೆಸರಿಟ್ಟ ಮೇಲೆ ಎಲ್ಲರಿಗೂ ಹೇಳ್ಬೇಕು ಅನ್ನೋರು. ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಮುಖ, ಅಕ್ಷರ ಹೇಗೋ ಬರೀತಿದ್ರು. ಬೆಳಿಗ್ಗೆ ಎದ್ದ ಕೂಡಲೇ ಕೈ ಸ್ವಲ್ಪ ಮಾತು ಕೇಳ್ತಿತ್ತು. ಈ ಸಲ ಬೆರಳು ಮಾತ್ರ ಬರಲೇ ಇಲ್ಲ."

"ಲಿಫ್ಟು? ಇಷ್ಟೂ ಪುಟ ಲಿಫ್ಟಿನೊಳಗೇ..."

"ಗೋಡೆ ಆದ್ರೆ ಗೆರೆಪಟ್ಟಿ ಇಟ್ಟು ಎಳೀಬಹುದಲ್ಲಪ್ಪ. ಕೊನೇಲಿ ಬಾಗಿಲಾಚೆ ಸಮುದ್ರ ಬರೀಬೇಕು ಅಂತಿತ್ತು ಅವರಿಗೆ. ಮೂರು ದಿನ ನೋಡಿದ್ರು. ಆಮೇಲೆ ಹಾಗೇ ಬಿಟ್ರು."

ಕಥೆಗಾರ ಸ್ಟೂಲಿನ ಮೇಲೆ ಕೂತ. ಕೇಳಲೋ ಬೇಡವೋ ಎಂದುಕೊಂಡು ಕೇಳಿದ. "ಮಧ್ಯಾಹ್ನ ನಾನು ಓದ್ತಿದ್ನಲ್ಲ ಅತ್ತಿಗೆ. ನಿಬ್ಬಿನ ಸದ್ದು ಬರ್ತಿತ್ತು."

ಅತ್ತಿಗೆ ಹಲಗೆಯ ಕೆಳಗಿನಿಂದ ಕಾಗದದ ಕಟ್ಟೊಂದನ್ನು ಎಳೆದು ಅವನ ತೊಡೆಯ ಮೇಲಿಟ್ಟರು. ಹಾಳೆಗಳ ತುಂಬ ಅಡ್ಡಾದಿಡ್ಡಿ ಗೀಚು. ಚಿತ್ರವಲ್ಲ, ಅಕ್ಷರವಲ್ಲ.

"ನಿನಗೆ ಸದ್ದು ಕೇಳ್ಬೇಕಲ್ಲ ಅಂತ ಹೀಗೆ ಗೀರ್ತಾ ಕೂತಿರೋರು. ಕೇಳ್ದೆ ಹೋದ್ರೆ ವಾಚಾಳಿ ಯಾಕೆ ಏನು ಅಂತ ಜೀವ ತಿಂತಾನೆ ಅನ್ನೋರು. ನಿನ್ನ ಹಡಗಿನ ಅಡುಗೆಯವನ ಕಥೆ ಬಂದಾಗ ಮಾತ್ರ ಗೀರೋದು ಮರ್ತು ಕೂತ್ಬಿಡೋರು. ನಾನೇ ಹೋಗಿ ನಿಬ್ಬು ಹಿಡಿದು ಒಂದೆರಡು ಗೀರು ಹಾಕಿದೀನಿ."

ಅವರು ನಕ್ಕರು. ನಗು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿದರು. ಕಥೆಗಾರ ಗೀಚುಗಳನ್ನು ಒಂದೊಂದಾಗಿ ನೋಡಿದ. ಯಾವುದು ಗೆಳೆಯನದು, ಯಾವುದು ಅತ್ತಿಗೆಯದು ಗೊತ್ತಾಗಲಿಲ್ಲ. ಎದೆಯಲ್ಲಿ ಏನೋ ಆಗಬೇಕಿತ್ತು. ಆಗಲಿಲ್ಲ. ಹಾಳೆಗಳ ಅಂಚನ್ನು ಸಮ ಮಾಡಿ ಕಟ್ಟಿ ಹಿಂದಕ್ಕೆ ಕೊಟ್ಟ.

"ಈ ಪುಟ ಕಳಿಸ್ಬೇಡಿ ಅಂದೆ ನಾನು," ಅಂದರು ಅತ್ತಿಗೆ. "ಯಾರಾದ್ರೂ ಕೈ ಎಲ್ಲಿ ಅಂತ ಕೇಳಿದ್ರೆ? ಅದಕ್ಕೆ ಅವರು ಏನಂದ್ರು ಗೊತ್ತಾ? ಅಲ್ಲೆಲ್ಲ ವಾಚಾಳಿ ತುಂಬಿಸ್ತಾನೆ ಬಿಡು. ಅವನು ಬಾಯಿ ಬಿಟ್ಟ ಮೇಲೆ ನನ್ನ ಬೆರಳು ಯಾವನು ನೋಡ್ತಾನೆ ಅಂದ್ರು."

ಕಥೆಗಾರ ಮತ್ತೆ ಪುಟಗಳ ಕಡೆ ನೋಡಿದ. ಈಗ ಗುಳ್ಳೆಗಳು ಜಾಗದಂತೆ ಕಾಣಲಿಲ್ಲ. ಒಡೆದ ಗಾಜಿಗೆ ಅಂಟಿಸಿದ ಕಾಗದದಂತೆ ಕಂಡವು. ಖಾಲಿ ಬಿಟ್ಟು ಅಚ್ಚು ಹಾಕಿದರೆ ಓದುಗರಿಗೆ ನೋಡಲು ಅದೊಂದೇ ಇರುತ್ತದೆ. ಮೊಣಕೈಗೆ ಬಂದು ಮಾಯವಾಗುವ ತೋಳು. ಬೆರಳು ನೋಡಿಯೇ ಬೆಳೆದ ಮಕ್ಕಳು ಅವು. ಎರಡನೆಯ ಚೌಕಕ್ಕೇ ಹಿಡಿದುಬಿಡುತ್ತವೆ.

"ಸಂಜೆ ಕೊಡ್ಬೇಕು," ಅಂದ. "ಅವನ ನಿಬ್ಬು ಕೊಡ್ತೀರಾ ಅತ್ತಿಗೆ? ಮಸಿಯೂ."

ಮನೆಗೆ ಬಂದು ಮೊದಲು ಸಂಪಾದಕಿಗೆ ಫೋನು ಮಾಡಿದ.

"ಖಾಲಿ ಬೇಡ. ಮಾತು ಬರೀತೀನಿ."

"ಸರ್! ನಿನ್ನೆ ಅಷ್ಟು ಚೆನ್ನಾಗಿತ್ತಲ್ಲ? ಎಲ್ಲರಿಗೂ ಹೇಳಿಬಿಟ್ಟಿದೀನಿ. ಆ ಮೌನದಲ್ಲೇ ಎಲ್ಲಾ ಇದೆ ಸರ್."

"ಮೌನ ಅವನಿಗೆ ಆಗ್ತಿರಲಿಲ್ಲಮ್ಮ."

ಸುಳ್ಳು. ಚಿತ್ರಗಾರನಷ್ಟು ಸುಮ್ಮನಿರುವವರು ಸಿಗುವುದು ಕಷ್ಟ. ಆದರೆ ಬೇರೆ ಕಾರಣ ಹೇಳುವಂತಿರಲಿಲ್ಲ.

"ಹೋಗಲಿ, ಮಾತು ಕಳಿಸಿ, ಕಂಪ್ಯೂಟರಿನಲ್ಲಿ ಅಕ್ಷರ ಹಾಕಿಸ್ತೀನಿ," ಅಂದಳು ಸಪ್ಪಗೆ.

"ಬೇಡ. ನಾನೇ ಬರೀತೀನಿ."

"ನೀವಾ? ಕೈಯಲ್ಲಾ?"

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. "ಇವನಾ?" ಎಂದಳು ಅಕ್ಕ, ಯಂತ್ರಕ್ಕೇ ಹೇಳುವಂತೆ. "ಇವನ ಕಾಗೆ ಕಾಲು ಗುಬ್ಬಿ ಕಾಲು ಓದೋಕೆ ಮಕ್ಕಳಿಗೆ ಟ್ಯೂಷನ್ ಬೇಕಾಗುತ್ತೆ."

ಕಂಪ್ಯೂಟರಿನ ಅಕ್ಷರ ಅಚ್ಚುಕಟ್ಟಾಗಿ ನಡುವೆ ಕೂತು ಸುತ್ತ ಬಿಳಿ ಬಿಡುತ್ತದೆ. ಬಿಳಿ ಉಳಿಯುವುದು ಅವನಿಗೆ ಬೇಡವಾಗಿತ್ತು. ಅಂಚಿನಿಂದ ಅಂಚಿಗೆ ತುಂಬಬೇಕಿತ್ತು.

ಮೇಜಿನ ಮುಂದೆ ಕೂತ. ನಿಬ್ಬು ಅದ್ದಿದ. ಏನೂ ಹೊಳೆಯಲಿಲ್ಲ. ಇಷ್ಟು ವರ್ಷ ಜಾಗವಿಲ್ಲ ಎಂದು ಕಾದಾಡಿದವನಿಗೆ ಈಗ ಬೇಕಾದಷ್ಟು ಜಾಗವಿತ್ತು, ಹೇಳಲು ಒಂದು ಮಾತೂ ಇರಲಿಲ್ಲ. ನಿಬ್ಬಿನ ಮಸಿ ಒಣಗಿತು. ಮತ್ತೆ ಅದ್ದಿದ. ಮತ್ತೆ ಒಣಗಿತು. ಸಾಯುವವನ ಮಾತು, ಬೀಳ್ಕೊಡುವವನ ಮಾತು, ಓದಿದ ಪುಸ್ತಕಗಳಿಂದ ಎಷ್ಟೋ ತಲೆಗೆ ಬಂದವು. ಎಲ್ಲ ಸತ್ತ ಮೀನಿನಂತೆ ತಣ್ಣಗಿದ್ದವು. ಜೊತೆಗೆ, ಅಂಥ ಮಾತು ಓದಿದವರು ಒಂದು ಕ್ಷಣ ನಿಲ್ಲುತ್ತಾರೆ. ನಿಂತವರು ಚಿತ್ರ ನೋಡುತ್ತಾರೆ. ಓದುಗರನ್ನು ಎಲ್ಲೂ ನಿಲ್ಲಲು ಬಿಡುವಂತಿರಲಿಲ್ಲ. ಅವರನ್ನು ನಗಿಸುತ್ತಾ ಓಡಿಸಿಕೊಂಡು ಹೋಗಬೇಕಿತ್ತು.

ಲಿಫ್ಟು ಯಾಕೆ ಸಿಕ್ಕಿಕೊಂಡಿದೆ? ಮೊದಲ ಚೌಕವನ್ನೇ ನೋಡಿದ. ಗುಂಡಿ ಒತ್ತಿಲ್ಲ, ಅದಕ್ಕೆ. ಯಾಕೆ ಒತ್ತಿಲ್ಲ? ಕೈ ಇಲ್ಲ, ಅದಕ್ಕೆ. ಅದನ್ನು ಹೇಳುವಂತಿಲ್ಲ. ಹಾಗಾದರೆ ಕೈ ಇದ್ದೂ ಯಾಕೆ ಒತ್ತಿಲ್ಲ?

ಮರೆತಿದ್ದಾನೆ. ಮಾತಾಡುತ್ತಾ ಮರೆತಿದ್ದಾನೆ.

ಕಥೆಗಾರ ಬರೆಯತೊಡಗಿದ. ಲಿಫ್ಟಣ್ಣ ಬೆಕ್ಕಿಗೆ ತನ್ನ ಸೋದರಮಾವನ ಕಥೆ ಹೇಳುತ್ತಿದ್ದಾನೆ. ಆ ಮಾವನಿಗೊಂದು ಟೋಪಿ, ಟೋಪಿಗೊಂದು ವಾರಸುದಾರರ ಜಗಳ, ಜಗಳಕ್ಕೊಬ್ಬ ಕಿವುಡ ನ್ಯಾಯಾಧೀಶ. ಇವತ್ತಿನವರೆಗೆ ತುಟಿ ಬಿಚ್ಚದ ಬೆಕ್ಕು ಎರಡನೆಯ ಪುಟದಲ್ಲಿ 'ಅಣ್ಣಾ, ಗುಂಡಿ...' ಎನ್ನುತ್ತದೆ. 'ತಾಳು ಮಾರಾಯ, ಮುಖ್ಯವಾದದ್ದಕ್ಕೆ ಈಗ ತಾನೇ ಬರ್ತಿದೀನಿ' ಎನ್ನುತ್ತಾನೆ ಲಿಫ್ಟಣ್ಣ. ಮೂರನೆಯ ಪುಟದಲ್ಲಿ ಬೆಕ್ಕು ಮತ್ತೆ 'ಅಣ್ಣಾ...' 'ಅಡ್ಡಬಾಯಿ ಹಾಕ್ಬೇಡ. ಎಲ್ಲಿದ್ದೆ? ಹಾಂ, ಮಾವನ ಅತ್ತೆ!' ಒತ್ತಕ್ಷರಗಳು ಬಂದವು, ಬಂದು ಕಾಲು ಚಾಚಿದವು. ಅತ್ತೆ, ಬೆಕ್ಕು, ದುಡ್ಡು, ಜುಟ್ಟು, ತಟ್ಟೆ, ಬಟ್ಟೆ. ಯಾರೂ ಬೈಯಲಿಲ್ಲ. ಕೈ ನೋಯುತ್ತಿತ್ತು, ಅಕ್ಷರ ಸೊಟ್ಟಗಿತ್ತು, ಒಂದೆರಡು ಕಡೆ ಮಸಿ ಹರಡಿತು. ನಿಬ್ಬು ಕರ್ ಕರ್ ಎಂದಿತು. ಆ ಸದ್ದನ್ನು ಅವನು ಇಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

ಅಕ್ಕ ಯಾವಾಗಲೋ ಬಂದು ಬೆನ್ನ ಹಿಂದೆ ನಿಂತಿದ್ದಳು. ಮೂರನೆಯ ಪುಟ ಓದುತ್ತಾ ಕಿಸಕ್ಕನೆ ನಕ್ಕಳು.

"ಅಕ್ಕ, ಇದರಲ್ಲಿ ಏನಾದ್ರೂ ಇಲ್ಲ ಅನ್ಸುತ್ತಾ ನಿನಗೆ?"

"ಏನಿಲ್ಲ? ಎಲ್ಲಾ ಜಾಸ್ತೀನೇ ಆಗಿದೆ. ಅವನು ಇದ್ದಿದ್ರೆ ಅರ್ಧಕ್ಕರ್ಧ ಹೊಡೆದುಹಾಕ್ತಿದ್ದ."

"ಹೂಂ," ಅಂದ ಕಥೆಗಾರ. "ಹೊಡೆದುಹಾಕ್ತಿದ್ದ."

ಕೊನೆಯ ಚೌಕ ಉಳಿಯಿತು. ತೆರೆದ ಬಾಗಿಲು, ಆಚೆ ಬರೆಯಲಾಗದೆ ಬಿಟ್ಟ ಸಮುದ್ರ, ಹೊರಗೆ ನಡೆಯುತ್ತಿರುವ ಬೆಕ್ಕು. ಲಿಫ್ಟಣ್ಣನ ಬಾಯಿ ತೆರೆದಿತ್ತು, ತೋಳು ಮುಂದೆ ಚಾಚಿತ್ತು, ಮೊಣಕೈಯಾಚೆ ದೊಡ್ಡ ಗುಳ್ಳೆ. ಇಷ್ಟು ಹೊತ್ತು ಕೇಳಿ ಕೇಳಿ ಸಾಕಾಗಿ ಬೆಕ್ಕು ಇಳಿದು ಹೋಗುತ್ತಿದೆ ಎಂಬುದು ಓದುವ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಅದಕ್ಕೆ ಲಿಫ್ಟಣ್ಣ ಏನನ್ನುತ್ತಾನೆ? ಕಥೆಗಾರ ಹೆಚ್ಚು ಯೋಚಿಸಲಿಲ್ಲ. ಗುಳ್ಳೆ ತುಂಬುವಷ್ಟು ದಪ್ಪ ಅಕ್ಷರದಲ್ಲಿ ಬರೆದ: 'ಅಯ್ಯೋ, ಎಲ್ಲಿಗೆ ಹೊರಟೆಯೋ? ಕಥೆ ಇನ್ನೂ ಮುಗಿದಿಲ್ಲ ಕಣೋ!'

ಮಸಿ ಒಣಗಲು ಬಿಟ್ಟು, ಒಣಗಿದ ಮೇಲೆ ಲಕೋಟೆಗೆ ಹಾಕಿ, ಬಸ್ಸು ಹತ್ತಿ ಕೊಟ್ಟು ಬಂದ.

ಸಂಚಿಕೆ ಬಂತು. ಚಿತ್ರಗಾರನ ಫೋಟೋ ಮೊದಲ ಪುಟದಲ್ಲಿತ್ತು, ಸಂಪಾದಕಿ ಚೆನ್ನಾಗಿ ನಾಲ್ಕು ಮಾತು ಬರೆದಿದ್ದಳು. ಅದಾದ ಮೇಲೆ ಓದುಗರ ಪತ್ರಗಳು ಬಂದವು. ಸಂಪಾದಕಿ ಕೆಲವನ್ನು ಫೋನಿನಲ್ಲಿ ಓದಿ ಹೇಳಿದಳು. ಬೆಕ್ಕು ಮಾತಾಡಿದ್ದು ಸರಿಯಲ್ಲ ಎಂದು ಒಬ್ಬರು. ಮಾವನ ಟೋಪಿ ಕೊನೆಗೆ ಯಾರಿಗೆ ಸಿಕ್ಕಿತು ಎಂದು ಇನ್ನೊಬ್ಬರು. ಅಕ್ಷರ ಬಹಳ ಕೆಟ್ಟದಾಗಿದೆ, ಬರೆದವರು ಕಾಪಿ ಬರೆಯಬೇಕು ಎಂದು ಮತ್ತೊಬ್ಬರು. ಲಿಫ್ಟಣ್ಣ ಈ ಸಲ ವಿಪರೀತ ಮಾತಾಡಿದ ಎಂಬ ದೂರು ಮಾತ್ರ ಎಲ್ಲ ಪತ್ರಗಳಲ್ಲೂ ಇತ್ತು.

"ಬೇಜಾರು ಮಾಡ್ಕೋಬೇಡಿ ಸರ್," ಅಂದಳು.

"ಬೇರೆ ಏನಾದ್ರೂ ಕೇಳಿದಾರಾ?"

"ಇಲ್ವಲ್ಲ. ಏನು ಕೇಳ್ಬೇಕಿತ್ತು?"

"ಏನಿಲ್ಲ."

ಅವನು ಅತ್ತಿಗೆಗೆ ಫೋನು ಮಾಡಿ ಪತ್ರಗಳ ವಿಷಯ ಹೇಳಿದ. ಕೈ ಎಲ್ಲಿ ಅಂತ ಯಾರೂ ಕೇಳಲಿಲ್ಲ ಅತ್ತಿಗೆ, ಅಂದ. ಆ ಕಡೆ ಅತ್ತಿಗೆ ಮೂಗು ಎಳೆದುಕೊಂಡು, "ಕೆಟ್ಟ ಅಕ್ಷರ ಅಂದಿದ್ದು ಯಾರಂತೆ? ಅವರಿಗೆ ಒಂದು ಬಹುಮಾನ ಕಳಿಸು," ಅಂದರು.

ಫೋನು ಇಟ್ಟ ಮೇಲೆ ಕಥೆಗಾರ ದಾರದಿಂದ ನಲ್ಲಿಯ ಪುಸ್ತಕವನ್ನು ಇಳಿಸಿಕೊಂಡ. ಅದನ್ನು ಬಿಡಿಸಲು ಕಚೇರಿಯವರು ಬೇರೆ ಯಾರನ್ನೋ ಗೊತ್ತು ಮಾಡಿದ್ದರು. ನೆಗಡಿ ಹಿಡಿದ ನಲ್ಲಿಯ ಮಾತು ಅವತ್ತು ಬಿಟ್ಟ ಹಾಗೇ ಇತ್ತು. ಓದಿದ. ಉದ್ದವಾಯಿತು ಅನ್ನಿಸಿತು. ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋದ.